ಚಾವಡಿಯಲ್ಲಿ ಒಂದು ಎಲ್‌ಪಿ ಪ್ಲೇಯರ್

ಕಾಸರಗೋಡಿನಲ್ಲಿ ಎಲ್‌ಪಿ, ಅಂದರೆ ಹಾಡಿನ ದೊಡ್ಡ ವಿನೈಲ್ ತಟ್ಟೆಯ ರೆಕಾರ್ಡ್, ಇಟ್ಟುಕೊಳ್ಳುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಮಳೆಯನ್ನು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಜಿಲ್ಲೆ ಇದು. ಮಳೆಗಾಲದ ಆಟಿ ತಿಂಗಳಲ್ಲಿ ಗೋಡೆ ಬೆವರುತ್ತದೆ, ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ರಟ್ಟು ಮೆತ್ತಗಾಗುತ್ತದೆ. ಇಂಥ ಹವೆಯಲ್ಲಿ ಯಾರಾದರೂ ಎಲ್‌ಪಿ ಪ್ಲೇಯರ್ ಕೊಳ್ಳುತ್ತಾರೆಯೇ ಎಂದು ಬೆಂಗಳೂರಿನಲ್ಲಿರುವ ಗೆಳೆಯ ಕೇಳಿದ. ಇಂಥ ಹವೆ ಇರುವುದರಿಂದಲೇ ಕೊಂಡೆ ಎಂದೆ. ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಂಗಳದಲ್ಲಿ ಅಡಿಕೆ ಒಣಗಿಸುವ ಕೆಲಸವಿರುವುದಿಲ್ಲ. ಕತ್ತಲಾಗುವ ಮೊದಲೇ ಮನೆಮಂದಿ ಚಾವಡಿಗೆ ಸೇರುತ್ತಾರೆ. ಕೂತು ಕೇಳುವುದಕ್ಕೆ ನಮ್ಮ ಕಡೆ ವರ್ಷದಲ್ಲಿ ಸಿಗುವ ಕಾಲವೇ ಅದು.

ಪ್ಲೇಯರಿಗಿಂತ ಮೊದಲು ನನ್ನ ಕೈಗೆ ಬಂದದ್ದು ರೆಕಾರ್ಡುಗಳ ಪೆಟ್ಟಿಗೆ. ಅಪ್ಪನ ಸೋದರಮಾವ ಮುಂಬಯಿಯ ಮಾಟುಂಗದಲ್ಲಿ ಹೋಟೆಲಿನ ಲೆಕ್ಕ ಬರೆಯುತ್ತಿದ್ದವರು. ನಮಗೆಲ್ಲ ಅವರು ‘ಮುಂಬಯಿ ಮಾವ’. ಊರಿಗೆ ಮರಳುವಾಗ ಅವರು ತಂದ ಮರದ ಪೆಟ್ಟಿಗೆ ಬದಿಯಡ್ಕದ ಹತ್ತಿರದ ಮೂಲಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಅದರಲ್ಲಿ ಮರಾಠಿ ನಾಟ್ಯಗೀತೆಗಳಿದ್ದವು, ಅಭಂಗಗಳಿದ್ದವು, ರಫಿಯ ಹಿಂದಿ ಹಾಡುಗಳಿದ್ದವು. ಅವುಗಳ ಜೊತೆ ನಮ್ಮ ಧಾರವಾಡದ ಕಡೆಯವರ ಹಿಂದುಸ್ತಾನಿ ಖಯಾಲ್‌ಗಳಿದ್ದವು, ಮದ್ರಾಸಿನಿಂದ ಬಂದ ಕರ್ನಾಟಕ ಸಂಗೀತವಿತ್ತು. ನಿಮಿಷಕ್ಕೆ 45 ಸುತ್ತು ತಿರುಗುವ, ಕನ್ನಡ ಚಿತ್ರಗೀತೆಗಳ ಪುಟ್ಟ ರೆಕಾರ್ಡುಗಳೂ ಇದ್ದವು. ಈ ಜಿಲ್ಲೆಯ ಹಳೆಯ ಮನೆಗಳಲ್ಲಿ ಸಿಗುವ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ ನಾವು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯವರು. ದುಡಿಮೆಗೆ ಹೋದದ್ದು ಮುಂಬಯಿಗೆ, ಆಮೇಲೆ ಗಲ್ಫಿಗೆ. ಹೋದವರು ಹೋದಲ್ಲಿಂದ ಹಾಡು ತಂದರು. ಆ ಪೆಟ್ಟಿಗೆಯನ್ನು ಹಾಗೆಯೇ ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ.

ನಾನು ಕೊಂಡದ್ದು ಬೆಲ್ಟಿನಿಂದ ತಿರುಗುವ ಹೊಸ ಪ್ಲೇಯರ್. ಮೂರು ವೇಗ, ಬದಲಾಯಿಸಬಹುದಾದ ಕಾರ್ಟ್ರಿಜ್ (ರೆಕಾರ್ಡಿನ ಗೀರಿನಲ್ಲಿ ಓಡುವ ಮುಳ್ಳನ್ನು ಹಿಡಿದು, ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ತಲೆ), ಅದನ್ನು ಹೊತ್ತ, ಹಿಂಬದಿಯಲ್ಲಿ ತೂಕವಿರುವ ತೋಳು. ಸೂಟ್‌ಕೇಸಿನಂತೆ ಮಡಚಿ ಒಯ್ಯುವ, ಸ್ಪೀಕರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಅಗ್ಗದ ಪ್ಲೇಯರುಗಳನ್ನು ಯಾರಿಗೂ ಸೂಚಿಸಲಾರೆ. ಅವುಗಳಲ್ಲಿ ಹಲವಕ್ಕೆ ಮುಳ್ಳಿನ ಭಾರವನ್ನು ಹೊಂದಿಸುವ ಅವಕಾಶವೇ ಇಲ್ಲ. ಐದಾರು ಗ್ರಾಂ ಭಾರ ಹಾಕಿ ಹಳೆಯ ರೆಕಾರ್ಡನ್ನು ಉಜ್ಜುವುದಕ್ಕಿಂತ ಅದು ಪೆಟ್ಟಿಗೆಯಲ್ಲೇ ಇರುವುದು ಮೇಲು.

ಎಲ್ಲಿ ಇಡಬೇಕು ಎಂಬುದನ್ನು ನಮ್ಮ ಮನೆಯೇ ತೀರ್ಮಾನಿಸಿತು. ಉಪ್ಪರಿಗೆಯ ಕೋಣೆ ಹೆಚ್ಚು ಒಣಗಿರುತ್ತದೆ, ಗಾಳಿಯೂ ಆಡುತ್ತದೆ. ಆದರೆ ಅಲ್ಲಿ ಹಲಗೆಯ ನೆಲ. ಯಾರಾದರೂ ಏಣಿ ಹತ್ತಿದರೆ ನೆಲ ಅಲುಗುತ್ತದೆ, ಮುಳ್ಳು ಗೀರು ಬಿಟ್ಟು ಹಾರುತ್ತದೆ. ಮುಳ್ಳು ಓದುವುದು ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನು. ನಡಿಗೆಯ ಅದುರು ಅದರ ಮುಂದೆ ಭೂಕಂಪ. ಆದ್ದರಿಂದ ಕೆಳಗೆ, ಕಾವಿ ನೆಲದ ಚಾವಡಿಯಲ್ಲಿ, ಮುರಕಲ್ಲಿನ ದಪ್ಪ ಗೋಡೆಗೆ ಕಬ್ಬಿಣದ ಕೋನಗಳನ್ನು ಬಡಿಸಿ ಕಪ್ಪು ಕಲ್ಲಿನ ಹಲಗೆ ಕೂರಿಸಿದೆವು. ಈಗ ಮಕ್ಕಳು ಚಾವಡಿಯಲ್ಲಿ ಓಡಿದರೂ ಹಾಡು ತಡವರಿಸುವುದಿಲ್ಲ. ಸ್ಪೀಕರುಗಳನ್ನು ಆ ಕಲ್ಲಿನ ಮೇಲೆ ಇಡದೆ ಬೇರೆ ಸ್ಟೂಲುಗಳ ಮೇಲೆ ಇಟ್ಟೆ. ಒಂದೇ ಹಲಗೆಯ ಮೇಲಿದ್ದರೆ ಸ್ಪೀಕರಿನ ಕಂಪನ ಮತ್ತೆ ಮುಳ್ಳಿಗೇ ಸೇರಿ, ಅಲ್ಲಿಂದ ಸ್ಪೀಕರಿಗೆ ಬಂದು, ಮಂದ್ರದಲ್ಲಿ ಗೊಂಯ್‌ಗುಡುವ ಸದ್ದಾಗಿ ಬೆಳೆಯುತ್ತದೆ.

ಕಲ್ಲನ್ನು ಕೂರಿಸಿದ ಮೇಸ್ತ್ರಿಯ ಬಳಿಯೇ ರಸಮಟ್ಟ ಇತ್ತು. ಅವರು ಕಲ್ಲಿನ ಮೇಲೆ ಒಮ್ಮೆ, ಪ್ಲೇಯರಿನ ತಿರುಗುವ ತಟ್ಟೆಯ ಮೇಲೆ ಇನ್ನೊಮ್ಮೆ ಇಟ್ಟು ನೋಡಿ, ಗುಳ್ಳೆ ನಡುವಿಗೆ ಬರುವವರೆಗೆ ಕಾಲುಗಳನ್ನು ತಿರುಗಿಸಿದರು. “ಇದಕ್ಕೆ ಯಾಕೆ ಇಷ್ಟು ಮಟ್ಟ ಬೇಕು?” ಎಂದು ಕೇಳಿದರು. ತೋಳು ಒಂದು ಬದಿಗೆ ವಾಲಿದರೆ ಗೀರಿನ ಎರಡು ಗೋಡೆಗಳ ಮೇಲೆ ಸಮ ಭಾರ ಬೀಳುವುದಿಲ್ಲ ಎಂದು ವಿವರಿಸಿದೆ. ಗೋಡೆ ಕಟ್ಟುವವರಿಗೆ ಈ ಮಾತು ಕೂಡಲೇ ಅರ್ಥವಾಯಿತು. ಸ್ಟೀರಿಯೋ ರೆಕಾರ್ಡಿನ ಗೀರು ಕೊರೆದಿರುವುದು ‘ವಿ’ ಅಕ್ಷರದ ಆಕಾರದಲ್ಲಿ. ಲೇಬಲಿನ ಕಡೆಯ ಗೋಡೆಯಲ್ಲಿ ಎಡ ಸ್ಪೀಕರಿನ ಧ್ವನಿ, ಅಂಚಿನ ಕಡೆಯ ಗೋಡೆಯಲ್ಲಿ ಬಲ ಸ್ಪೀಕರಿನ ಧ್ವನಿ. ಒಂದೇ ವಜ್ರದ ಮುಳ್ಳು ಎರಡನ್ನೂ ಏಕಕಾಲಕ್ಕೆ ಓದುತ್ತದೆ. 12 ಇಂಚಿನ ಒಂದು ಬದಿಯ ಗೀರನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ 400 ಮೀಟರಿಗೂ ಹೆಚ್ಚಾಗುತ್ತದೆ. ಅಷ್ಟೂ ದಾರಿಯನ್ನು ಆ ಮುಳ್ಳು ಇಪ್ಪತ್ತು ನಿಮಿಷಗಳಲ್ಲಿ ನಡೆದು ಮುಗಿಸುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಜೋಡಣೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ತೋಳನ್ನು ತೂಗುವ ಕೆಲಸ. ಹಿಂದಿನ ತೂಕವನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ತೋಳು ಮೇಲೂ ಏಳದೆ ಕೆಳಗೂ ಇಳಿಯದೆ, ಅಡಿಕೆ ವ್ಯಾಪಾರಿಯ ತಕ್ಕಡಿಯ ದಂಡದಂತೆ, ಗಾಳಿಯಲ್ಲಿ ಸಮನಾಗಿ ನಿಲ್ಲುತ್ತದೆ. ಅದು ಸೊನ್ನೆ. ಅಲ್ಲಿಂದ ತೂಕವನ್ನು ತುಸು ಮುಂದಕ್ಕೆ ತಂದು ಕಾರ್ಟ್ರಿಜ್ ಕೇಳುವಷ್ಟು ಭಾರ ಕೊಡಬೇಕು. ನನ್ನದಕ್ಕೆ 2 ಗ್ರಾಂ. ತೂಕದ ಮೇಲೆ ಅಚ್ಚು ಹಾಕಿದ ಅಂಕೆಗಳನ್ನೇ ನಂಬದೆ, ಚಿನ್ನದ ಅಂಗಡಿಯವರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಮುಳ್ಳನ್ನು ಇಳಿಸಿ ನೋಡುವುದು ಒಳ್ಳೆಯದು. ಭಾರ ಕಡಿಮೆಯಾದಷ್ಟೂ ರೆಕಾರ್ಡಿಗೆ ಕ್ಷೇಮ ಎಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಭಾರ ಸಾಲದಿದ್ದರೆ ಜೋರಾದ ಸ್ವರ ಬಂದಾಗ ಮುಳ್ಳು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ, ಪುಟಿದಲ್ಲೆಲ್ಲ ಗಾಯ ಮಾಡುತ್ತದೆ. ಹಾಡುವವರು ತಾರಕ್ಕೆ ಏರಿದಾಗ ಕರಕರ ಎನ್ನಿಸಿದರೆ ಮೊದಲು ಈ ಭಾರವನ್ನೇ ನೋಡಬೇಕು.

ಆಮೇಲೆ ಕೋನ. ರೆಕಾರ್ಡನ್ನು ಕೊರೆಯುವ ಯಂತ್ರದ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಚಲಿಸುತ್ತದೆ. ನಮ್ಮ ಪ್ಲೇಯರಿನ ತೋಳಿಗೋ ಒಂದು ಕಡೆ ಕೀಲು. ಅದು ಬಾಗಿದ ದಾರಿಯಲ್ಲೇ ಬರಬೇಕು. ಆದ್ದರಿಂದ ಮುಳ್ಳು ಗೀರಿಗೆ ಸರಿಯಾದ ನೇರದಲ್ಲಿ ನಿಲ್ಲುವುದು ಇಡೀ ಬದಿಯಲ್ಲಿ ಎರಡೇ ಕಡೆ. ಬಹುಮಂದಿ ಅನುಸರಿಸುವ ಲೆಕ್ಕದಲ್ಲಿ ಅವು ನಡುವಿನ ತೂತಿನಿಂದ 66 ಮತ್ತು 121 ಮಿಲಿಮೀಟರ್ ದೂರದಲ್ಲಿವೆ. ಆ ಎರಡು ಬಿಂದುಗಳನ್ನು ಮುದ್ರಿಸಿದ ಕಾಗದವನ್ನು ತಟ್ಟೆಯ ಮೇಲಿಟ್ಟು, ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತ ಕಾರ್ಟ್ರಿಜ್ಜಿನ ಎರಡು ಪುಟ್ಟ ಸ್ಕ್ರೂಗಳನ್ನು ಸಡಿಲಿಸಿ, ಸರಿಸಿ, ಬಿಗಿಯಬೇಕು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಹೋದದ್ದಕ್ಕೆ ಏನೂ ಬೇಸರವಿಲ್ಲ. ರೆಕಾರ್ಡಿನ ಕೊನೆಯ ಭಾಗದಲ್ಲಿ ‘ಸ’ಕಾರ ‘ಶ’ಕಾರಗಳು ಒಡೆಯದೆ ಸ್ಪಷ್ಟವಾಗಿ ಬಂದದ್ದು ಆ ಸಂಜೆಯ ಫಲ. ಒಳಭಾಗ ಮೊದಲೇ ಕಷ್ಟದ ಜಾಗ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋದರೆ, ಲೇಬಲಿನ ಹತ್ತಿರ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕಾಗುತ್ತದೆ.

ವಿದ್ಯುತ್ತಿನ ಭಾಗವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾನು ಬಳಸುವಂಥ ಕಾರ್ಟ್ರಿಜ್ಜಿನಿಂದ ಬರುವುದು ನಾಲ್ಕೈದು ಮಿಲಿವೋಲ್ಟ್ ಅಷ್ಟೆ, ಅದನ್ನು ಸಾಮಾನ್ಯ ಆಂಪ್ಲಿಫೈಯರಿಗೆ ನೇರವಾಗಿ ಕೊಡಲಾಗದು. ನಡುವೆ ಫೋನೋ ಪ್ರೀಆಂಪ್ಲಿಫೈಯರ್ ಬೇಕು. ಅದರ ಕೆಲಸ ಧ್ವನಿಯನ್ನು ದೊಡ್ಡದು ಮಾಡುವುದರಲ್ಲೇ ಮುಗಿಯುವುದಿಲ್ಲ. ಮಂದ್ರ ಸ್ವರಗಳನ್ನು ಇದ್ದಷ್ಟೇ ಬಲದಲ್ಲಿ ಕೊರೆದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರಿಗೆ ತಾಗುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎಯ ಮಾನದಂಡ ಬಂತು. ಪ್ರೀಆಂಪ್ಲಿಫೈಯರ್ ಅದನ್ನು ತಿರುವುಮುರುವು ಮಾಡಿ ಮೂಲದ ಹದಕ್ಕೆ ತರುತ್ತದೆ. ಇನ್ನು ಹಿಂಬದಿಯಿಂದ ಬರುವ ತೆಳುವಾದ ಅರ್ತಿಂಗ್ ತಂತಿಯನ್ನು ಜೋಡಿಸದೆ ಬಿಟ್ಟರೆ ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಬಿಡದೆ ಕೇಳುತ್ತದೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆದುಬಿಡುತ್ತೇನೆ. ನಮ್ಮ ಕಡೆಯ ಸಿಡಿಲನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೂ ನಮ್ಮ ಮನೆಯ ಅಸಲಿ ಪರೀಕ್ಷಕರು ಅಮ್ಮ. ಅವರು ಮದುವೆಗೆ ಮೊದಲು ಕೆಲವು ವರ್ಷ ಸಂಗೀತ ಕಲಿತವರು, ಶ್ರುತಿಪೆಟ್ಟಿಗೆ ಈಗಲೂ ಅವರ ಕೋಣೆಯಲ್ಲಿದೆ. ತಮಗೆ ಚೆನ್ನಾಗಿ ಪರಿಚಯವಿದ್ದ ಒಂದು ಕೃತಿಯನ್ನು ಕೇಳುತ್ತ, “ಶ್ರುತಿ ಇಳಿದಿದೆ, ಇವರು ಇಷ್ಟು ಕೆಳಗೆ ಹಾಡುವವರಲ್ಲ” ಎಂದರು. ನನ್ನ ಕಿವಿಗೆ ಏನೂ ಗೊತ್ತಾಗಿರಲಿಲ್ಲ. ವೇಗ ಅಳೆಯುವ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ 180 ಗೆರೆಗಳ ಚಕ್ರ ನಿಮಿಷಕ್ಕೆ 33⅓ ಸುತ್ತು ತಿರುಗಿದರೆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣಬೇಕು. ನಮ್ಮವು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಹೊಸ ಬೆಲ್ಟು ಹಾಕಿದ ದಿನ ಗೆರೆಗಳು ನಿಂತವು. ಅಮ್ಮ ಶ್ರುತಿಪೆಟ್ಟಿಗೆ ಹಿಡಿದು ಕೂತು, “ಈಗ ಸರಿ” ಎಂದರು. ಹೊಸ ಎಲ್‌ಇಡಿ ದೀಪಗಳಲ್ಲಿ ಹಲವು ಹೀಗೆ ಮಿನುಗುವುದಿಲ್ಲವಾದ್ದರಿಂದ ಚಾವಡಿಯ ಆ ಹಳೆಯ ಟ್ಯೂಬ್‌ಲೈಟನ್ನು ಈ ಒಂದು ಉಪಕಾರಕ್ಕಾಗಿಯೇ ಉಳಿಸಿಕೊಂಡಿದ್ದೇವೆ.

ಇನ್ನೊಂದು ರೆಕಾರ್ಡಿನಲ್ಲಿ ತಂಬೂರಿಯ ನಾದವೇ ತೂಗಾಡುತ್ತದೆ ಎಂದೂ ಅವರೇ ಹಿಡಿದರು. ಅದಕ್ಕೆ ಕಾರಣ ಬೇರೆ. ಆ ರೆಕಾರ್ಡಿನ ತೂತು ಸರಿಯಾಗಿ ನಡುವಿನಲ್ಲಿಲ್ಲ. ಪ್ರತಿ ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಸ್ವರ ಒಂದಿಷ್ಟು ಏರಿ ಒಂದಿಷ್ಟು ಇಳಿಯುತ್ತದೆ. ಅದಕ್ಕೆ ನಾನು ಮದ್ದು ಮಾಡಲಾರೆ. ಆದರೆ ಅವರು ತೋರಿಸಿಕೊಟ್ಟ ಮೇಲೆ ನನಗೂ ಕೇಳತೊಡಗಿತು, ಈಗ ಬೇರೆ ರೆಕಾರ್ಡುಗಳಲ್ಲೂ ಕೇಳುತ್ತದೆ. ಈ ಪ್ಲೇಯರಿನಿಂದ ನನಗಾದ ದೊಡ್ಡ ಲಾಭ ಇದೇ ಎಂದು ತಿಳಿದಿದ್ದೇನೆ. ಮೊಬೈಲಿನಲ್ಲಿ ಹಾಡು ಸಿದ್ಧವಾಗಿ ಬರುತ್ತದೆ, ಅದರ ಹಿಂದೆ ಏನು ನಡೆಯುತ್ತಿದೆ ಎಂದು ನಾನು ಕೇಳಿಕೊಳ್ಳುವುದಿಲ್ಲ. ಇಲ್ಲಿ ಭಾರ, ಕೋನ, ವೇಗ ಎಲ್ಲವೂ ನನ್ನ ಕೈಯಲ್ಲಿ. ಯಾವುದನ್ನು ಎಷ್ಟು ತಿರುಗಿಸಬೇಕು ಎಂದು ತಿಳಿಯುವುದಕ್ಕೆ ಮತ್ತೆ ಮತ್ತೆ ಕಿವಿಗೊಟ್ಟು ಕೇಳಲೇಬೇಕು. ಹಾಗೆ ಕೇಳುತ್ತ ಕೇಳುತ್ತ ಷಡ್ಜ ನಿಲ್ಲುವುದೆಂದರೇನು, ಉಸಿರು ಎಲ್ಲಿ ತೆಗೆದರು, ತಬಲದ ಜೋಡಿಯಲ್ಲಿ ಎಡಗೈಯ ಬಾಯಾ ಎಷ್ಟು ಹೊತ್ತು ಗುಂಯ್‌ಗುಟ್ಟಿತು ಎಂಬುದೆಲ್ಲ ತಾನಾಗಿ ಗಮನಕ್ಕೆ ಬರತೊಡಗಿತು.

ಎಲ್‌ಪಿಯ ಧ್ವನಿ ಡಿಜಿಟಲ್‌ಗಿಂತ ನಿಜವಾದದ್ದು ಎಂದು ಕೆಲವರು ಹಟದಿಂದ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬಲ್. ಒಳ್ಳೆಯ ಎಲ್‌ಪಿಯಲ್ಲಿ ಸಿಗುವುದು 60–70. ಒಳಗೀರಿನ ಒಡಕು, ಧೂಳಿನ ಚಿಟಪಟ ಬೇರೆ. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗಲಂತೂ ಆಲಾಪದ ಮೊದಲ ನಿಮಿಷಗಳು ನಮ್ಮ ಚಾವಡಿಯಲ್ಲಿ ಮುಳುಗಿಯೇ ಹೋಗುತ್ತವೆ. ಆದರೂ ನನ್ನ ಪ್ರೀತಿ ಇದರ ಮೇಲೆ. ಕಣ್ಣೆದುರು ನಡೆಯುವ ಕೆಲಸದಿಂದ ಧ್ವನಿ ಹುಟ್ಟುವುದು, ಇಪ್ಪತ್ತು ನಿಮಿಷ ಒಂದೇ ಜಾಗದಲ್ಲಿ ಕೂರುವುದು, ಬದಿ ಮುಗಿದಾಗ ಎದ್ದು ಹೋಗಿ ಮಗುಚುವುದು, ಇವು ಡೆಸಿಬಲ್ಲಿನಲ್ಲಿ ಅಳೆಯುವಂಥವಲ್ಲ.

ಇಪ್ಪತ್ತು ನಿಮಿಷ ಎಂಬುದು ನಮ್ಮ ಸಂಗೀತಕ್ಕೆ ಸಣ್ಣ ಸಂಗತಿಯೂ ಅಲ್ಲ. 78 ವೇಗದ ರೆಕಾರ್ಡಿನ ಒಂದು ಬದಿಯಲ್ಲಿ ಸಿಗುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಗಂಗೂಬಾಯಿ ಹಾನಗಲ್ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ತಮ್ಮ ಮೊದಮೊದಲ ರೆಕಾರ್ಡುಗಳನ್ನು ಕೊಟ್ಟದ್ದು ಆ ಮೂರು ನಿಮಿಷಗಳ ಕಾಲದಲ್ಲಿ. ರಾಗದ ಮುಖ, ಬಂದಿಶ್, ನಾಲ್ಕು ತಾನ್, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಹಾಗೆ ಹಿಡಿದು ಹಾಡುವುದೂ ದೊಡ್ಡ ವಿದ್ಯೆಯೇ. 1948ರಲ್ಲಿ ಕೊಲಂಬಿಯಾ ಕಂಪನಿ 33⅓ರ ಎಲ್‌ಪಿಯನ್ನು ತಂದ ಮೇಲೆ ವಿಲಂಬಿತ ಖಯಾಲ್ ಮನೆಯೊಳಗೆ ಬರುವಂತಾಯಿತು. ಮಲ್ಲಿಕಾರ್ಜುನ ಮನ್ಸೂರರು, ಭೀಮಸೇನ ಜೋಶಿಯವರು ಎಲ್‌ಪಿಯ ಒಂದು ಬದಿಯನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂದು ಗಮನಿಸುವುದೇ ಒಂದು ಸುಖ. ನಿಧಾನದ ರಾಗವಿಸ್ತಾರವಾದ ಬಡತ್‌ಗೆ ಎಷ್ಟು ಬಿಟ್ಟರು, ದ್ರುತಕ್ಕೆ ಯಾವಾಗ ತಿರುಗಿದರು ಎಂಬುದನ್ನು ರೆಕಾರ್ಡಿನ ಮೇಲೆ ಮುಳ್ಳು ಎಲ್ಲಿದೆ ಎಂದು ನೋಡಿಯೇ ಹೇಳಬಹುದು.

ಕೇಳಲು ಬರುವವರು ಮನೆಯವರಷ್ಟೇ ಅಲ್ಲ. ಗಲ್ಫಿನಲ್ಲಿ ದುಡಿದು ಮರಳಿದ ಪಕ್ಕದ ಮನೆಯ ಹಿರಿಯರೊಬ್ಬರಿದ್ದಾರೆ, ನಾವು ಅವರನ್ನು ‘ಇಚ್ಚ’ ಎಂದೇ ಕರೆಯುವುದು. ಅವರು ಬಂದರೆ ರಫಿಯ ಹಾಡು, ತಮ್ಮ ಮನೆಯಿಂದ ಹಿಡಿದು ತಂದ ಯೇಸುದಾಸರ ಮಲಯಾಳ ಹಾಡು. ಅಮ್ಮನಿಗೆ ಮಲಯಾಳ ಅಷ್ಟಕ್ಕಷ್ಟೆ, ಇಚ್ಚನಿಗೆ ಖಯಾಲ್ ಹೊಸತು. ಆದರೂ ಇಬ್ಬರೂ ಒಬ್ಬರ ಬದಿ ಮುಗಿಯುವವರೆಗೆ ಇನ್ನೊಬ್ಬರು ಮಾತಾಡದೆ ಕೂರುತ್ತಾರೆ. ನಡುವೆ ಹಾಡು ಬದಲಾಯಿಸುವ ಗುಂಡಿ ಇಲ್ಲದ್ದು ಇಲ್ಲಿ ಅನುಕೂಲವೇ ಆಯಿತು.

ಮಳೆಯಿಂದ ಕಾಪಾಡುವ ಮಾತಿಗೆ ಬರುತ್ತೇನೆ, ಇದನ್ನು ಕೇಳುವವರು ತುಂಬ ಮಂದಿ. ಬೂಷ್ಟಿಗೆ ಆಹಾರ ಕಾಗದ, ಧೂಳು, ಬೆರಳಿನ ಜಿಡ್ಡು. ಆದ್ದರಿಂದ ಗೀರಿನ ಮೇಲೆ ಬೆರಳು ಮುಟ್ಟಿಸಬಾರದು, ಅಂಚು ಮತ್ತು ಲೇಬಲಿನಲ್ಲೇ ಹಿಡಿಯಬೇಕು. ಒಳಗಿನ ಹಳೆಯ ಕಾಗದದ ಚೀಲಗಳನ್ನು ತೆಗೆದು ಪಾಲಿಥಿನ್ ಒಳಪದರ ಇರುವವನ್ನು ಹಾಕಿದೆ. ಪಿವಿಸಿ ಹೊದಿಕೆ ಬೇಡ. ಅದರ ರಾಸಾಯನಿಕ ವರ್ಷಗಳು ಕಳೆದಂತೆ ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ. ರೆಕಾರ್ಡುಗಳನ್ನು ನಿಲ್ಲಿಸಿಯೇ ಇಡಬೇಕು, ಹೊರಗೋಡೆಗೆ ತಾಗದಂತೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಹೊರಕವಚಗಳನ್ನು ನೆರಳಲ್ಲಿ ಹರಡಿ ಗಾಳಿಗೆ ಬಿಡುತ್ತೇನೆ, ಬಿಸಿಲಿಗೆ ಎಂದೂ ಇಲ್ಲ. ಬಿಸಿಲು ತಾಗಿದ ವಿನೈಲ್ ಸೊಟ್ಟಗಾದರೆ ಮತ್ತೆ ನೇರವಾಗುವುದು ಕಷ್ಟ. ತೊಳೆಯುವುದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್. ಆಮೇಲೆ ಅದೇ ಶುದ್ಧ ನೀರಿನಲ್ಲಿ ಇನ್ನೊಮ್ಮೆ. ಗುಡ್ಡ ಕೊರೆದು ತೆಗೆದ ನಮ್ಮ ಸುರಂಗದ ನೀರಿನಷ್ಟು ರುಚಿಯಾದ ನೀರು ಎಲ್ಲೂ ಇಲ್ಲವೆಂದು ನಾನು ನಂಬಿದ್ದೇನೆ, ಆದರೆ ರೆಕಾರ್ಡಿಗೆ ಅದು ಆಗದು. ಆರಿದ ಮೇಲೆ ಅದರಲ್ಲಿರುವ ಲವಣ ಗೀರಿನಲ್ಲಿ ಉಳಿಯುತ್ತದೆ.

ಗುಜರಿಯವರಿಗೆ ಕೊಡುವ ಮುಂಚೆ ಅಟ್ಟದ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿ ಎಂದು ಪರಿಚಯದವರಿಗೆಲ್ಲ ಹೇಳುತ್ತಿರುತ್ತೇನೆ. ದಪ್ಪಗೆ, ಭಾರವಾಗಿ, ಬಿದ್ದರೆ ಒಡೆಯುವಂತಿದ್ದರೆ ಅವು ಅರಗಿನಿಂದ ಮಾಡಿದ 78ರ ರೆಕಾರ್ಡುಗಳು. ಅವನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಎಲ್‌ಪಿಯ ಮುಳ್ಳಿನಲ್ಲಿ ನುಡಿಸಬಾರದು. 78ರ ಗೀರು ಅಗಲ, ಅದಕ್ಕೆ ಬೇಕಾದ ಮುಳ್ಳಿನ ತುದಿ ಎಲ್‌ಪಿಯದಕ್ಕಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಸಣ್ಣ ಮುಳ್ಳು ಗೀರಿನ ತಳಕ್ಕೆ ಬಿದ್ದು ಬರೀ ಧೂಳನ್ನು ಓದುತ್ತದೆ. ಭಾರತದಲ್ಲಿ ತಟ್ಟೆಯ ರೆಕಾರ್ಡುಗಳ ಕಾಲ ಶುರುವಾದದ್ದು ಈ ಅರಗಿನವುಗಳಿಂದ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದರು. ಆಗ ರೆಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದಾಗ, 1930ರ ಜನವರಿಯಲ್ಲಿ.

ಮುಂಬಯಿ ಮಾವನ ಪೆಟ್ಟಿಗೆಯ ತಳದಲ್ಲೂ ಅರಗಿನವು ಕೆಲವಿವೆ. ಒಂದರ ಲೇಬಲನ್ನು ಗೆದ್ದಲು ಪೂರ್ತಿ ತಿಂದಿದೆ. ಲೇಬಲಿನ ಸುತ್ತಲಿನ ನುಣುಪು ಜಾಗದಲ್ಲಿ ಒತ್ತಿದ ಸಂಖ್ಯೆ ಮಾತ್ರ ಓದಲು ಬರುತ್ತದೆ. ಗಂಡಸೋ ಹೆಂಗಸೋ, ಯಾವ ಭಾಷೆಯೋ ತಿಳಿಯದು. ಮಾವ ಆಗಾಗ ಗುನುಗುತ್ತಿದ್ದ ನಾಟ್ಯಗೀತೆ ಅದರಲ್ಲಿರಬೇಕೆಂದು ಅಮ್ಮನ ಊಹೆ, ಯಾವುದೋ ವಾದ್ಯ ಇರಬಹುದೆಂದು ನನ್ನದು. ನನ್ನ ಕಾರ್ಟ್ರಿಜ್ಜಿಗೆ ಹೊಂದುವ 78ರ ಮುಳ್ಳಿಗೆ ಬರೆದು ಹಾಕಿದ್ದೇನೆ. ಬಂದ ದಿನ ಮೊದಲು ಹಾಕುವುದು ಅದನ್ನೇ.